ಗಾಲಿಯ ಮನೆ ಕೊಳ್ಳುವ ಮುನ್ನ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಗುರುಸ್ಮರಣೆಯ ಲೇಖನಗಳು ಸಾಕಷ್ಟು ಬಂದಿರುತ್ತವೆಂಬ ಭರವಸೆಯಿಂದ ನಾನು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇನೆ. ಅಮೆರಿಕದಲ್ಲಿ ನೆಲೆಸಿ ಈಗ ನಿವೃತ್ತಿಯ ಅಂಚಿಗೆ ಬಂದಿರುವ ನಮ್ಮ ಹಳೆಯ ವಿದ್ಯಾರ್ಥಿ ಮಿತ್ರರು ಈಚೆಗೆ ಕೇಳುವ ಪ್ರಶ್ನೆಯೊಂದಿದೆ. ದೊಡ್ಡ ಮನೆಯನ್ನು ಮಾರಿ, ಗಾಲಿಯ ಮೇಲಿನ ಮನೆಯೊಂದನ್ನು ಕೊಂಡು, ವರ್ಷವಿಡೀ ಅದರಲ್ಲಿಯೇ ಬಾಳಿದರೆ ಹೇಗೆ? ಊರಿನಲ್ಲಿ ಪಿತ್ರಾರ್ಜಿತ ಜಮೀನಿನ ತುಣುಕು ಉಳಿಸಿಕೊಂಡಿರುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮಸಿನಗುಡಿಯಲ್ಲಿ ಕಟ್ಟಡಕ್ಕೆ ಅನುಮತಿ ಕಷ್ಟವಾದರೆ ಇಂಥದೊಂದನ್ನು ತಂದು ನಿಲ್ಲಿಸಬಹುದಲ್ಲವೇ ಎನ್ನುತ್ತಾರೆ. ಲಾರಿ ದುರಸ್ತಿಯ ಷೆಡ್ಡಿನಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದವನೆಂದು ನನ್ನ ಅಭಿಪ್ರಾಯ ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ: ಆಗಬಹುದು, ಆದರೆ ಅಡುಗೆಮನೆಯನ್ನು ನೋಡುವ ಮೊದಲು ತೂಕವನ್ನೂ ನಿಲ್ಲುವ ನೆಲವನ್ನೂ ನೋಡಿ. ಎರಡನೆಯದಕ್ಕೆ: ದಯವಿಟ್ಟು ಬೇಡ.

ಅವರು ಕೊಳ್ಳಬಯಸುವ ಮನೆಗೆ ಅಲ್ಲಿ 'ಫಿಫ್ತ್ ವೀಲ್' ಎಂದು ಹೆಸರು. ಐದನೆಯ ಚಕ್ರವೆಂದರೆ ಹೆಚ್ಚುವರಿ ಗಾಲಿಯೆಂದು ಭ್ರಮಿಸಬಾರದು. ಹಿಂದೆ ಕುದುರೆ ಸಾರೋಟುಗಳ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಮಲಗಿಸಿದ ಚಕ್ರವೊಂದಿರುತ್ತಿತ್ತು. ಆ ಹೆಸರೇ ಉಳಿದು ಬಂದಿದೆ. ನಮ್ಮ ಹೆದ್ದಾರಿಗಳಲ್ಲಿ ಕಂಟೈನರ್ ಎಳೆಯುವ ಟ್ರೈಲರ್ ಲಾರಿಯ ಬೆನ್ನ ಮೇಲೆ, ಗ್ರೀಸು ಮೆತ್ತಿದ, ಕುದುರೆ ಲಾಳದಂತೆ ಬಾಯ್ತೆರೆದ ಕಬ್ಬಿಣದ ತಟ್ಟೆಯನ್ನು ಓದುಗರು ನೋಡಿರಬಹುದು. ಟ್ರೈಲರಿನ ಕಿಂಗ್‌ಪಿನ್ ಬಂದು ಕಚ್ಚಿಕೊಳ್ಳುವುದು ಅದರಲ್ಲಿಯೇ. ಅಮೆರಿಕದ ಮನೆಯಲ್ಲಿಯೂ ಇದೇ ತತ್ತ್ವ. ಲಾರಿಯ ಬದಲು ಪಿಕಪ್ ವಾಹನದ ತೊಟ್ಟಿಯಲ್ಲಿ, ಹಿಂದಿನ ಅಚ್ಚಿನ ನೇರಕ್ಕೆ, ಆ ತಟ್ಟೆಯನ್ನು ಬಿಗಿದಿರುತ್ತಾರೆ. ಬಾಲಕ್ಕೆ ಕಟ್ಟಿ ಎಳೆಯುವ ಟ್ರೈಲರಿಗಿಂತ ಇದು ಕಡಮೆ ತೊನೆದಾಡುತ್ತದೆ. ಉದ್ದನೆಯ ಮನೆಗಳನ್ನು ಈ ರೀತಿಯಲ್ಲಿ ಕಟ್ಟುವುದಕ್ಕೆ ಇದೇ ಮುಖ್ಯ ಕಾರಣ.

ಆದರೆ ಈ ಸ್ಥಿರತೆಗೆ ಬೆಲೆಯಿದೆ. ಮನೆಯ ಒಟ್ಟು ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ, ಕೆಲವೊಮ್ಮೆ ಕಾಲು ಭಾಗ, ಎಳೆಯುವ ವಾಹನದ ಬೆನ್ನಿನ ಮೇಲೆಯೇ ಕೂರುತ್ತದೆ. ಸಾಮಾನು ತುಂಬಿದ ಮನೆ 6,000 ಕಿಲೋ ತೂಗಿದರೆ 1,200ರಿಂದ 1,500 ಕಿಲೋ ಪಿಕಪ್ಪಿನ ಪಾಲು. ಅದರ ಮೇಲೆ ಗಂಡಹೆಂಡಿರು, ಡೀಸೆಲ್, ಉಪಕರಣಗಳ ಪೆಟ್ಟಿಗೆ. ಮಾರುವವನು "ಈ ಗಾಡಿ ಇಷ್ಟು ಟನ್ ಎಳೆಯುತ್ತದೆ" ಎಂದು ಹೇಳುತ್ತಾನೆ. ಎಷ್ಟು ಹೊರುತ್ತದೆಂದು ಹೇಳುವುದಿಲ್ಲ. ಎಳೆಯುವುದು ಬೇರೆ, ಹೊರುವುದು ಬೇರೆ. ಎತ್ತಿನ ಗಾಡಿಯಲ್ಲಿ ಮೂಕಿಯ ಕಡೆಗೆ ಭಾರ ಹೆಚ್ಚಾದರೆ ಎತ್ತಿನ ಹೆಗಲು ಬಾಯುವುದನ್ನು ಕಂಡ ನಮ್ಮ ಹಿರಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಪಿಕಪ್ಪಿನ ಚಾಲಕನ ಬಾಗಿಲ ಕಂಬದಲ್ಲಿ ಹೊರುವ ಮಿತಿಯನ್ನು ತೋರಿಸುವ ಚೀಟಿ ಅಂಟಿಸಿರುತ್ತಾರೆ. ಮೊದಲು ಅದನ್ನು ಓದಬೇಕು. ದೊಡ್ಡ ಮನೆಗೆ ಮುಕ್ಕಾಲು ಟನ್ ದರ್ಜೆಯ ಪಿಕಪ್ ಅನೇಕ ವೇಳೆ ಸಾಲದೆ, ಹಿಂದೆ ಜೋಡಿ ಚಕ್ರವಿರುವ ಒಂದು ಟನ್ ದರ್ಜೆಯದೇ ಬೇಕಾಗುತ್ತದೆ. ಮನೆಯನ್ನು ಮೆಚ್ಚಿ ಕೊಂಡ ಮೇಲೆ ಎಳೆಯುವ ವಾಹನವನ್ನು ಹುಡುಕುವವರು ಎರಡು ಸಲ ಹಣ ಕಳೆದುಕೊಳ್ಳುತ್ತಾರೆ.

ಮನೆಯ ಬರಿದೇ ತೂಕವನ್ನು ನಂಬುವುದೂ ತರವಲ್ಲ. ವಾರಾಂತ್ಯದ ವಿಹಾರಿಗೆ ಎರಡು ಚೀಲ ಸಾಕು. ಸಂಸಾರವೆಂದ ಮೇಲೆ ಅಕ್ಕಿ, ರಾಗಿ, ಒರಳಿಗೆ ಬದಲಾಗಿ ಬಂದ ಗ್ರೈಂಡರ್, ದೇವರ ಪೆಟ್ಟಿಗೆ, ಪುಸ್ತಕಗಳು, ಎರಡು ಋತುವಿನ ಬಟ್ಟೆ ಎಲ್ಲವೂ ಬರುತ್ತವೆ. 250 ಲೀಟರ್ ನೀರು ತುಂಬಿದರೆ ಅದೇ 250 ಕಿಲೋ. ಗುಂಡಿ ಒತ್ತಿದೊಡನೆ ಗೋಡೆಯೇ ಹೊರಕ್ಕೆ ಸರಿದು ಕೋಣೆ ಅಗಲವಾಗುವ ಚಮತ್ಕಾರ ಎಲ್ಲರಿಗೂ ಮೆಚ್ಚುಗೆ. ಹಾಗೆ ಸರಿಯುವ ಪ್ರತಿಯೊಂದು ಗೋಡೆಯೂ ತೂಕವನ್ನು ಹೆಚ್ಚಿಸುತ್ತದೆ, ಮಳೆನೀರು ಒಳಬರಲು ಇನ್ನೊಂದು ಸಂದನ್ನೂ ಕೊಡುತ್ತದೆ. ಕೊಳೆ ನೀರಿನ ತೊಟ್ಟಿಗಳ ಅಳತೆಯನ್ನು ಕೇಳಿ. ಚಳಿ ಪ್ರಾಂತದಲ್ಲಿ ನಿಲ್ಲುವುದಾದರೆ ಆ ತೊಟ್ಟಿಗಳಿಗೆ ಬಿಸಿಯ ವ್ಯವಸ್ಥೆಯಿದೆಯೇ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಖಾತರಿ ಪತ್ರವನ್ನು ಪೂರ್ತಿ ಓದಿ. ಅಲ್ಲಿನ ಹಲವು ತಯಾರಕರು ಇದನ್ನು ವಿಹಾರಕ್ಕೆಂದೇ ಮಾರುತ್ತಾರೆ. ಖಾಯಂ ವಾಸಕ್ಕೆ ಬಳಸಿದರೆ ಖಾತರಿ ಅನ್ವಯಿಸದೆಂದು ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ವಿಮೆಯದೂ ಬೇರೆಯೇ ಲೆಕ್ಕ. ಖಾಯಂ ವಿಳಾಸವಿಲ್ಲದವನಿಗೆ ಚಾಲನಾ ಪರವಾನಗಿ, ಮತ, ತೆರಿಗೆ ಎಲ್ಲದರಲ್ಲೂ ತೊಡಕುಂಟು. ಸೌತ್ ಡಕೋಟ, ಟೆಕ್ಸಾಸ್, ಫ್ಲಾರಿಡ ಸಂಸ್ಥಾನಗಳಲ್ಲಿ ಅನೇಕರು ವಿಳಾಸವನ್ನು ಮಾಡಿಕೊಳ್ಳುವುದು ಇದಕ್ಕಾಗಿಯೇ. ಇಷ್ಟನ್ನೂ ತೂಗಿ ನೋಡಿ, ಒಂದು ಚಳಿಗಾಲವನ್ನು ಬಾಡಿಗೆಯ ಮನೆಗಾಡಿಯಲ್ಲಿ ಕಳೆದು, ಆಮೇಲೂ ಆಸೆ ಉಳಿದರೆ ಕೊಳ್ಳಲಿ, ನನ್ನ ತಕರಾರಿಲ್ಲ.

ಇನ್ನು ಅದನ್ನು ಇಲ್ಲಿಗೆ ತರುವ ಮಾತು. ಅಮೆರಿಕದ ಮನೆಗಾಡಿಯ ಬಾಗಿಲು ಬಲಮಗ್ಗುಲಿಗಿರುತ್ತದೆ. ಎಡಗಡೆಯಲ್ಲಿ ಸಾಗುವ ನಮ್ಮ ರಸ್ತೆಯಲ್ಲಿ ಅದು ತೆರೆಯುವುದು ಎದುರು ಬರುವ ಬಸ್ಸಿನ ಕಡೆಗೆ. ಒಳಗಿನ ಉಪಕರಣಗಳು 120 ವೋಲ್ಟಿನವು, ನಮ್ಮದು 230. ಉದಕಮಂಡಲದಿಂದ ಕಲ್ಹಟ್ಟಿ ಮಾರ್ಗವಾಗಿ ಮಸಿನಗುಡಿಗೆ ಇಳಿಯುವಾಗ 36 ಹೇರ್‌ಪಿನ್ ತಿರುವುಗಳು. ಉದ್ದನೆಯ ಟ್ರೈಲರಿನ ಹಿಂಗಾಲಿಗಳು ಮುಂದಿನ ವಾಹನದ ಜಾಡನ್ನು ಹಿಡಿಯದೆ ತಿರುವಿನ ಒಳಮಗ್ಗುಲನ್ನು ಕತ್ತರಿಸಿಕೊಂಡು ಬರುತ್ತವೆ. ಆ ಘಾಟಿಯಲ್ಲಿ ಅದಕ್ಕೆ ಜಾಗವಿಲ್ಲ. 2018ರ ಅಕ್ಟೋಬರಿನಲ್ಲಿ ಕಾರೊಂದು ಉರುಳಿ ಪ್ರವಾಸಿಗರು ಸತ್ತ ಮೇಲೆ ಹೊರಗಿನ ವಾಹನಗಳು ಅಲ್ಲಿ ಇಳಿಯುವುದಕ್ಕೇ ನಿರ್ಬಂಧ ಬಂದಿತು. ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ಮಾರ್ಗವಾಗಿ ಹಗಲಿನಲ್ಲಿ ತರಬಹುದೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಆ ಕಾಡಿನ ಹಾದಿ 2009ರಲ್ಲಿ ಆರಂಭವಾದ ಕಟ್ಟಳೆಯಂತೆ ಮುಚ್ಚಿರುತ್ತದೆ.

ತಂದ ಮೇಲೆ ನಿಲ್ಲಿಸುವುದೆಲ್ಲಿ? ನಿಜವಾದ ಪ್ರಶ್ನೆ ಇದು. ಸೀಗೂರು ಪ್ರಸ್ಥಭೂಮಿಯ ಆನೆಹಾದಿಯನ್ನು ತಮಿಳುನಾಡು ಸರ್ಕಾರ 2010ರಲ್ಲಿ ಘೋಷಿಸಿತು. ಮದರಾಸು ಉಚ್ಚ ನ್ಯಾಯಾಲಯ 2011ರಲ್ಲಿಯೂ ಸರ್ವೋಚ್ಚ ನ್ಯಾಯಾಲಯ 2020ರ ಅಕ್ಟೋಬರ್ 14ರಂದೂ ಅದನ್ನು ಎತ್ತಿಹಿಡಿದವು. ನಡುವೆ 2018ರ ಆಗಸ್ಟಿನಲ್ಲಿ ಹಲವು ವಸತಿಗೃಹಗಳಿಗೆ ಬೀಗಮುದ್ರೆ ಬಿತ್ತು. ಈ ಆದೇಶಗಳಿಂದ ಜೀವನೋಪಾಯಕ್ಕೆ ಪೆಟ್ಟು ಬಿದ್ದ ಕುಟುಂಬಗಳು ನಮ್ಮ ನಡುವೆಯೇ ಇವೆ. ಅವರ ಸಂಕಟವನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಅಡಿಪಾಯವಿಲ್ಲದ್ದರಿಂದ ಗಾಲಿಯ ಮನೆ ಕಟ್ಟಡವೇ ಅಲ್ಲವೆಂಬ ವಾದವನ್ನು ನಾನು ಒಪ್ಪಲಾರೆ. ಅದು ವಕೀಲರ ಜಾಣತನವೇ ಹೊರತು ಆನೆಗೆ ತಿಳಿಯುವ ವ್ಯತ್ಯಾಸವಲ್ಲ. ಅದರ ದಾರಿಗೆ ಅಡ್ಡ ನಿಂತದ್ದು ಇಟ್ಟಿಗೆಯೋ ತಗಡೋ ಎಂದು ಅದು ವಿಚಾರಿಸುವುದಿಲ್ಲ. ದೀಪ, ಬೇಲಿ, ಕೊಳೆ ನೀರು, ಎಸೆದ ತರಕಾರಿ ಸಿಪ್ಪೆ, ಹಲಸಿನ ಹಣ್ಣಿನ ವಾಸನೆ ಇವೆಲ್ಲ ಗಾಲಿಯ ಮನೆಯಲ್ಲಿಯೂ ಇರತಕ್ಕವೇ. ಗೋಡೆ ಮಾತ್ರ ತೆಳು. ಜನ ಕೊಟ್ಟ ತಿನಿಸಿಗೆ ಒಗ್ಗಿಹೋಗಿದ್ದ ರಿವಾಲ್ಡೊ ಎಂಬ ಸಲಗವನ್ನು 2021ರ ಮೇ ತಿಂಗಳಲ್ಲಿ ಹಿಡಿದು ಕ್ರಾಲಿನಲ್ಲಿಟ್ಟು ಆಗಸ್ಟಿನಲ್ಲಿ ಮತ್ತೆ ಕಾಡಿಗೆ ಬಿಡಬೇಕಾಯಿತು. ಅದೇ ವರ್ಷದ ಜನವರಿಯಲ್ಲಿ ಸುಟ್ಟಗಾಯಗಳಿಂದ ಸತ್ತ ಇನ್ನೊಂದು ಆನೆಯನ್ನು ಮಸಿನಗುಡಿಯವರು ಮರೆತಿಲ್ಲ. ತಂಗುವ ಮನೆಯ ಬಳಿ ಬಂದಿದ್ದ ಅದರ ಮೇಲೆ ಉರಿಯುವ ವಸ್ತುವನ್ನು ಎಸೆದ ದೃಶ್ಯವನ್ನು ನಾಡೇ ನೋಡಿತು. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೊಂದು ನೀತಿಯನ್ನು ತಂದಿತು. ಅಲ್ಲಿಯೂ ಗಾಡಿ ನಿಲ್ಲಿಸಲು ಪ್ರತ್ಯೇಕ ತಂಗುದಾಣಗಳನ್ನೇ ಯೋಚಿಸಿದರು. ಯಾರದೋ ಹೊಲದ ಅಂಚಿನಲ್ಲಿ ನಿಲ್ಲಲಿ ಎನ್ನಲಿಲ್ಲ.

ತಾತ್ಕಾಲಿಕ ಮನೆಯ ವಿಷಯದಲ್ಲಿ ಈ ಊರಿಗೆ ಉಪದೇಶ ಬೇಕಿಲ್ಲ. ಸಿಂಗಾರ, ಮೋಯಾರ್ ವಿದ್ಯುತ್ ಯೋಜನೆಗಳ ಕಾಲದಲ್ಲಿ ಕೂಲಿಗೆಂದು ಬಂದವರು ಷೆಡ್ಡುಗಳಲ್ಲಿ ಸಂಸಾರ ಹೂಡಿದರು. ಆ ಷೆಡ್ಡುಗಳು ಮನೆಗಳಾದದ್ದು ತಗಡು ಹೋಗಿ ಹೆಂಚು ಬಂದದ್ದರಿಂದಲ್ಲ. ನೀರಿನ ನಲ್ಲಿ, ಪಡಿತರ ಚೀಟಿ, ಮಕ್ಕಳಿಗೊಂದು ಶಾಲೆ ಬಂದದ್ದರಿಂದ. ಹೊಸ ಗಾಡಿಯ ಆಕರ್ಷಣೆಯಲ್ಲಿರುವ ಮಿತ್ರರು ನೀರಿನ ವಿಷಯವನ್ನಾದರೂ ವಿಚಾರಿಸಲಿ. ಮಳೆನೆರಳಿನ ಈ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ಇದ್ದವರಿಗೇ ನೀರಿನ ಚಿಂತೆ. ಕೊಳೆಯ ತೊಟ್ಟಿಯನ್ನು ಖಾಲಿ ಮಾಡಲು ಇಲ್ಲಿ ಒಳಚರಂಡಿಯೂ ಇಲ್ಲ.

ವರ್ಷಕ್ಕೆ ಎರಡು ತಿಂಗಳು ಊರಿನಲ್ಲಿರಬೇಕೆನ್ನುವವರಿಗೆ ನನ್ನದೊಂದು ಸೂಚನೆಯಿದೆ. ಪೇಟೆಯ ಮನೆಗಳಲ್ಲಿ, ಮಕ್ಕಳು ಕೊಯಮತ್ತೂರಿಗೋ ಮೈಸೂರಿಗೋ ಹೋಗಿ ತೆರವಾದ ಕೋಣೆಗಳಿವೆ. ವಯಸ್ಸಾದ ತಂದೆತಾಯಿಗಳು ಮಾತ್ರ ಅಲ್ಲಿರುತ್ತಾರೆ. ಅಂಥ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿಯಿರಿ. ಬಾಡಿಗೆ ಆ ಹಿರಿಯರಿಗೆ ನೆರವಾಗುತ್ತದೆ, ನಲ್ಲಿಯೂ ಶೌಚಾಲಯವೂ ಮೊದಲೇ ಇವೆ, ಸಂಜೆ ಮಾತಿಗೆ ಜನವೂ ಉಂಟು. ಇಂಥ ಮನೆಗಳ ಪಟ್ಟಿಯೊಂದನ್ನು ಹಳೆಯ ವಿದ್ಯಾರ್ಥಿಗಳ ಬಳಗವೇ ಸಿದ್ಧಪಡಿಸಬಹುದು. ಬರೆದುಕೊಡುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.