ಅಬ್ಬರಕ್ಕಲ್ಲ, ಮಾತಿಗೆ ಬೆಲೆ ಕೊಡೋಣ

ಮನೆಗೊಂದು ರೇಡಿಯೋ ಕೊಳ್ಳುವುದು ಸಂಸಾರದ ದೊಡ್ಡ ನಿರ್ಧಾರಗಳಲ್ಲೊಂದಾಗಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ೧೯೩೫ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ಆರಂಭಿಸಿ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದಂದಿನಿಂದಲೂ, ಯಂತ್ರದ ಮೂಲಕ ಕೇಳಿಬರುವ ತಾಯ್ನುಡಿಯಲ್ಲಿ ಕನ್ನಡಿಗನಿಗೆ ಒಂದು ಬಗೆಯ ಮಮತೆಯಿದೆ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳಲ್ಲಿ ಅನ್ನ ಅರಸಿಕೊಂಡವರಲ್ಲಿ ಆ ಮಮತೆಯು ಇಮ್ಮಡಿಯಾಗಿರುವುದು ಸಹಜವೇ ಆಗಿದೆ. ಅಂದು ರೇಡಿಯೋ ಇದ್ದ ಜಾಗದಲ್ಲಿ ಇಂದು ಟೆಲಿವಿಷನ್ ಕುಳಿತಿದೆ. ಅದರ ಪಕ್ಕದಲ್ಲಿ ‘ಹೋಂ ಥಿಯೇಟರ್ ರಿಸೀವರ್’ ಎಂಬ ಇನ್ನೊಂದು ಪೆಟ್ಟಿಗೆಯನ್ನು ಇರಿಸಬೇಕೆಂಬ ಆಸೆಯು ನಮ್ಮ ಹೋಟೆಲು ಕಾರ್ಮಿಕ ಬಂಧುಗಳಲ್ಲಿಯೂ ಗುಮಾಸ್ತ ಬಂಧುಗಳಲ್ಲಿಯೂ ಕಾಣಿಸಿಕೊಂಡಿದೆ.

ಕಡಿಮೆ ಬೆಲೆಗೆ ಯಾವುದು ಒಳ್ಳೆಯದು ಎಂಬ ಪ್ರಶ್ನೆಗೆ ಅಂಗಡಿಯವನು ಕೊಡುವ ಉತ್ತರ ಒಂದು, ಪೆಟ್ಟಿಗೆಯ ಮೇಲಣ ದಪ್ಪ ಅಕ್ಷರಗಳು ಕೊಡುವ ಉತ್ತರ ಇನ್ನೊಂದು. ನಮ್ಮ ಅಭಿಪ್ರಾಯವು ಇವೆರಡಕ್ಕಿಂತಲೂ ಭಿನ್ನವಾದುದು. ಸಣ್ಣ ಧ್ವನಿಯಲ್ಲಿಯೂ ಮಾತು ಸ್ಪಷ್ಟವಾಗಿ ಕೇಳಿಸುವ ಯಂತ್ರವೇ ನಮ್ಮಂಥವರ ಪಾಲಿಗೆ ಒಳ್ಳೆಯ ಯಂತ್ರ. ಉಳಿದ ಗುಣಗಳೆಲ್ಲವೂ ಆಮೇಲಿನವು.

ನಮ್ಮ ಪರಿಚಯದ ಗುಮಾಸ್ತರೊಬ್ಬರ ಅನುಭವವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಉಪನಗರದ ಒಂದು ಖೋಲಿಯಲ್ಲಿ ಅವರ ಸಂಸಾರ. ಊರಿನಿಂದ ವೃದ್ಧ ತಾಯಿ ಬಂದು ಇರತೊಡಗಿದರು. ತಾಯಿಗೂ ಮಗಳಿಗೂ ಕನ್ನಡ ಚಿತ್ರಗಳನ್ನು ತೋರಿಸಬೇಕೆಂಬ ಹಂಬಲದಿಂದ ಅವರು ದೀಪಾವಳಿಯ ಬೋನಸ್ಸಿಗೆ ಇನ್ನಷ್ಟು ಸಾಲ ಸೇರಿಸಿ, ಸಾವಿರಾರು ವ್ಯಾಟ್ ಎಂದು ಬರೆದಿದ್ದ ಐದು ಸ್ಪೀಕರುಗಳ ಒಂದು ಸೆಟ್ಟನ್ನು ತಂದರು. ಮೊದಲ ದಿನವೇ ಕಿಟಕಿಯ ಗಾಜು ನಡುಗಿತು. ಪಕ್ಕದ ಖೋಲಿಯವರು ಬಾಗಿಲು ತಟ್ಟಿದರು. ತಾಯಿ ಮಾತ್ರ, “ಗುಡುಗು ಚೆನ್ನಾಗಿ ಕೇಳುತ್ತದೆ ಮಗಾ, ಮಾತೇ ಕೇಳುವುದಿಲ್ಲ” ಎಂದರು. ಮಗಳಂತೂ ಸಂಭಾಷಣೆ ತಿಳಿಯದೆ ಬೇಸತ್ತು ಹಿಂದಿಯ ಕಾರ್ಯಕ್ರಮಕ್ಕೆ ತಿರುಗಿದಳು. ಹಣವೂ ಹೋಯಿತು, ಹಣ ಕೊಟ್ಟ ಉದ್ದೇಶವೂ ಕೈಗೂಡಲಿಲ್ಲ.

ಹೀಗೇಕಾಗುತ್ತದೆ? ಇಂದಿನ ಚಲನಚಿತ್ರಗಳ ಧ್ವನಿಯನ್ನು ಹಲವು ವಾಹಿನಿಗಳಲ್ಲಿ ಬೇರೆ ಬೇರೆಯಾಗಿ ಮುದ್ರಿಸಿರುತ್ತಾರೆ. ‘೫.೧’ ಎಂದರೆ ಮುಂಭಾಗದ ಎಡ, ನಡು, ಬಲ, ಮತ್ತು ಇಕ್ಕೆಲಗಳ ಎರಡು, ಹೀಗೆ ಐದು ವಾಹಿನಿಗಳು. ಆ ‘ಒಂದು’ ಎಂಬುದು ಗುಡುಗು ಗರ್ಜನೆಗಳಂಥ ಮಂದ್ರಧ್ವನಿಗಾಗಿ ಇರುವ ಸಬ್‌ವೂಫರ್. ಪಾತ್ರಗಳ ಸಂಭಾಷಣೆಯ ಬಹುಪಾಲು ನಡುವಿನ ವಾಹಿನಿಯಲ್ಲಿರುತ್ತದೆ. ತೆಳ್ಳನೆಯ ಟೆಲಿವಿಷನ್ನಿನ ಪುಟ್ಟ ಸ್ಪೀಕರುಗಳು ಎಲ್ಲವನ್ನೂ ಒಟ್ಟುಗೂಡಿಸಿ, ಅನೇಕ ವೇಳೆ ಕೆಳಕ್ಕೋ ಹಿಂದಕ್ಕೋ ಮುಖಮಾಡಿ ನುಡಿಯುವುದರಿಂದ ವಾದ್ಯಗಳ ನಡುವೆ ಮಾತು ಮುಳುಗುತ್ತದೆ. ಅಗ್ಗದ ಸೆಟ್ಟುಗಳಲ್ಲಿಯಾದರೋ ನಡುವಿನ ಸ್ಪೀಕರ್ ಆಟಿಕೆಯಂತೆ ಸಣ್ಣದಾಗಿದ್ದು, ಸಬ್‌ವೂಫರ್ ಮಾತ್ರ ರಾಕ್ಷಸಾಕಾರವಾಗಿರುತ್ತದೆ.

ರಿಸೀವರ್ ಎಂಬುದರ ಕೆಲಸವೇನೆಂಬುದನ್ನು ಅರಿತರೆ ಆಯ್ಕೆಯು ಅರ್ಧ ಮುಗಿದಂತೆ. ಟೆಲಿವಿಷನ್ನಿನಿಂದಲೋ ಸೆಟ್-ಟಾಪ್ ಬಾಕ್ಸಿನಿಂದಲೋ ಬರುವ ಧ್ವನಿಸಂಕೇತವನ್ನು ಪಡೆದು, ಅದನ್ನು ವಾಹಿನಿಗಳಾಗಿ ಬಿಡಿಸಿ, ಬಲವರ್ಧನೆ ಮಾಡಿ, ಆಯಾ ಸ್ಪೀಕರಿಗೆ ತಲಪಿಸುವುದು ಅದರ ಕರ್ತವ್ಯ. ಧಾರಾವಾಹಿಗಳಂತೆ ಎರಡೇ ವಾಹಿನಿಯಲ್ಲಿ ಬರುವ ಧ್ವನಿಯಿಂದಲೂ ಮಾತನ್ನು ಆರಿಸಿ ನಡುವಿನ ಸ್ಪೀಕರಿಗೆ ಕಳುಹಿಸುವ ಉಪಾಯವು ಸಾಮಾನ್ಯವಾಗಿ ಅದರಲ್ಲಿರುತ್ತದೆ. ನಡುವಿನ ಸ್ಪೀಕರಿನ ಧ್ವನಿಯೊಂದನ್ನೇ ಎರಡು ಮೂರು ಮೆಟ್ಟಿಲು ಏರಿಸಿಕೊಳ್ಳಲೂ ಬರುತ್ತದೆ. ವೃದ್ಧರಿರುವ ಮನೆಗೆ ಇದೊಂದೇ ಸೌಕರ್ಯವು ಕೊಟ್ಟ ಬೆಲೆಯನ್ನು ಸಾರ್ಥಕಗೊಳಿಸಬಲ್ಲದು.

ಇನ್ನು ವ್ಯಾಟಿನ ಮಾತು. ನಮ್ಮ ಬಂಧುಗಳು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ. ‘ಪಿ.ಎಂ.ಪಿ.ಓ.’ ಎಂಬ ಹೆಸರಿನಲ್ಲಿ ಪೆಟ್ಟಿಗೆಯ ಮೇಲೆ ಅಚ್ಚಾಗುವ ಸಾವಿರಗಳಿಗೆ ಒಂದು ನಿರ್ದಿಷ್ಟವಾದ ಅಳತೆಗೋಲೇ ಇಲ್ಲ. ಇದನ್ನು ಪರೀಕ್ಷಿಸಲು ಇಂಜಿನಿಯರನಾಗಬೇಕಾಗಿಲ್ಲ. ಯಂತ್ರದ ಬೆನ್ನನ್ನು ತಿರುಗಿಸಿ, ಅದು ಗೋಡೆಯಿಂದ ಎಷ್ಟು ವ್ಯಾಟ್ ವಿದ್ಯುತ್ತನ್ನು ಸೇವಿಸುತ್ತದೆಂದು ಬರೆದಿರುವುದನ್ನು ಓದಿರಿ. ಅರುವತ್ತು ವ್ಯಾಟನ್ನು ಉಣ್ಣುವ ಯಂತ್ರವು ಸತತವಾಗಿ ಸಾವಿರ ವ್ಯಾಟನ್ನು ಕೊಡುವುದು, ಒಂದು ಸೇರು ಅಕ್ಕಿ ಹಾಕಿ ಹತ್ತು ಸೇರು ಹಿಟ್ಟು ರುಬ್ಬಿದೆನೆಂದ ಹಾಗೆ!

ಹೆಸರಾಂತ ಸಂಸ್ಥೆಗಳ ಅಂಕಿಗಳನ್ನೂ ಎಚ್ಚರದಿಂದ ಓದತಕ್ಕದ್ದು. ಯಮಹಾ ಸಂಸ್ಥೆಯ ಆರ್‌ಎಕ್ಸ್-ವಿ೩೮೫ ಎಂಬ ೫.೧ ವಾಹಿನಿಯ ರಿಸೀವರಿಗೆ, ಒಂದೇ ವಾಹಿನಿಯನ್ನು ಒಂದೇ ಸ್ವರದಲ್ಲಿ ನುಡಿಸಿದಾಗ ೧೦೦ ವ್ಯಾಟ್ ಎಂದೂ, ಎರಡು ವಾಹಿನಿಗಳನ್ನು ಎಲ್ಲ ಸ್ವರಗಳಲ್ಲಿ ನುಡಿಸಿದಾಗ ೭೦ ವ್ಯಾಟ್ ಎಂದೂ ತಯಾರಕರೇ ನಮೂದಿಸಿದ್ದಾರೆ. ಎರಡೂ ಸತ್ಯವೇ, ಆದರೆ ಒಂದು ಯಂತ್ರದ ನೂರನ್ನು ಇನ್ನೊಂದರ ಎಪ್ಪತ್ತಿನೊಡನೆ ತೂಗಿದರೆ ತಕ್ಕಡಿ ತಪ್ಪುತ್ತದೆ. ಇಂಥ ಗೊಂದಲವನ್ನು ತಡೆಯಲೆಂದೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ೧೯೭೪ರಷ್ಟು ಹಿಂದೆಯೇ ಆ್ಯಂಪ್ಲಿಫಯರುಗಳ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕೆಂಬ ನಿಯಮವನ್ನು ಮಾಡಿತು; ೨೦೨೪ರಲ್ಲಿ ಅದನ್ನು ಪರಿಷ್ಕರಿಸಿತು.

ಅಷ್ಟಕ್ಕೂ ನಮಗೆ ಬೇಕಾದ ವ್ಯಾಟ್ ಎಷ್ಟು? ಸಾಧಾರಣ ಸ್ಪೀಕರೊಂದು ಒಂದೇ ಒಂದು ವ್ಯಾಟಿನಲ್ಲಿ, ಒಂದು ಮೀಟರ್ ದೂರಕ್ಕೆ ಸುಮಾರು ೮೫ ರಿಂದ ೯೦ ಡೆಸಿಬೆಲ್ ಧ್ವನಿಯನ್ನು ಕೊಡುತ್ತದೆ. ಮನುಷ್ಯರ ಸಾಮಾನ್ಯ ಸಂಭಾಷಣೆಯಾದರೋ ಸುಮಾರು ೬೦ ಡೆಸಿಬೆಲ್. ೫೦ ವ್ಯಾಟಿನಿಂದ ೧೦೦ ವ್ಯಾಟಿಗೆ ಏರಿದರೆ ಹೆಚ್ಚುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಗಟ್ಟಿಯೆನಿಸಲು ಸುಮಾರು ಹತ್ತರಷ್ಟು ಶಕ್ತಿ ಬೇಕಾಗುತ್ತದೆ. ಹತ್ತಡಿ ಅಗಲ ಹನ್ನೆರಡಡಿ ಉದ್ದದ ಖೋಲಿಯಲ್ಲಿ ಕುಳಿತು ಕೇಳುವವನು ಹೆಚ್ಚಿನ ವ್ಯಾಟಿಗೆಂದು ಹಣ ತೆರುವುದು, ಎರಡು ಇಡ್ಲಿ ತಿನ್ನುವವನು ಇಡೀ ಅಟ್ಟಕ್ಕೆ ಬಿಲ್ಲು ಕೊಟ್ಟಂತೆ.

ವಾಹಿನಿಗಳ ಸಂಖ್ಯೆಯ ಮೋಹವೂ ಇಂಥದೇ. ೨೦೧೨ರಲ್ಲಿ ಬಂದ ಡಾಲ್ಬಿ ಅಟ್ಮಾಸ್ ಎಂಬ ವಿಧಾನದಲ್ಲಿ ತಲೆಯ ಮೇಲಿನಿಂದಲೂ ಮಳೆ ಸುರಿದಂತೆ ಕೇಳಿಸಬಹುದು. ಅದು ಸೊಗಸಾದುದೇ ಸರಿ. ಆದರೆ ಮಂಚವೇ ಸೋಫಾ ಆಗಿ, ಗೋಡೆಗೆ ಕಪಾಟು ಒರಗಿರುವ ಕೋಣೆಯಲ್ಲಿ ಏಳು ಸ್ಪೀಕರುಗಳಿಗೆ ಸ್ಥಳವೆಲ್ಲಿ? ನಮ್ಮ ಸಲಹೆಯೇನೆಂದರೆ, ೫.೧ ವಾಹಿನಿಯ ಸರಳವಾದ ರಿಸೀವರನ್ನು ಕೊಂಡು, ಎಡ, ಬಲ, ನಡು ಎಂಬ ಮೂರೇ ಸ್ಪೀಕರುಗಳಿಂದ ಆರಂಭಿಸಿರಿ. ಹಣವನ್ನು ಈ ಮೂರರ ಮೇಲೆ ಹಾಕಿರಿ. ಉಳಿದವು ಅನುಕೂಲವಾದಾಗ ಬರಲಿ. ಸಬ್‌ವೂಫರ್ ಕೊನೆಗೆ ಬರಲಿ, ಬಾರದಿದ್ದರೂ ಚಿಂತೆಯಿಲ್ಲ; ಗೋಡೆಯನ್ನು ದಾಟಿ ನೆರೆಮನೆಯ ನಿದ್ದೆಯನ್ನು ಕೆಡಿಸುವುದು ಮುಖ್ಯವಾಗಿ ಆ ಮಂದ್ರಧ್ವನಿಯೇ.

ಕೈ ಬಿಗಿಯಿರುವವರು ಬಳಸಿದ ಯಂತ್ರವನ್ನು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಟೆಲಿವಿಷನ್ನಿನಿಂದ ರಿಸೀವರಿಗೆ ಧ್ವನಿಯನ್ನು ತರುವ ‘ಎ.ಆರ್.ಸಿ.’ ಎಂಬ ಸೌಕರ್ಯವು ಎಚ್.ಡಿ.ಎಂ.ಐ. ತಂತಿಗೆ ಸೇರಿದ್ದು ೨೦೦೯ರಲ್ಲಿ. ಅದಕ್ಕೂ ಹಿಂದಿನ ರಿಸೀವರಾದರೂ, ಅದರಲ್ಲಿಯೂ ನಿಮ್ಮ ಟೆಲಿವಿಷನ್ನಿನಲ್ಲಿಯೂ ‘ಆಪ್ಟಿಕಲ್’ ಎಂಬ ಬೆಳಕಿನ ತಂತಿಯ ರಂಧ್ರವಿದ್ದರೆ, ಡಾಲ್ಬಿ ಡಿಜಿಟಲ್ಲಿನ ೫.೧ ಧ್ವನಿಯು ಅದರ ಮೂಲಕ ಬರಬಲ್ಲದು. ಚಿತ್ರವು ನೇರವಾಗಿ ಟೆಲಿವಿಷನ್ನಿಗೆ ಹೋಗಲಿ, ಧ್ವನಿ ಮಾತ್ರ ರಿಸೀವರಿಗೆ ಬರಲಿ. ಆಗ ಚಿತ್ರಕ್ಕೆ ಸಂಬಂಧಿಸಿದ ಹೊಸ ಹೊಸ ಸೌಕರ್ಯಗಳಿಗಾಗಿ ರಿಸೀವರನ್ನು ಬದಲಾಯಿಸಬೇಕಾಗಿಲ್ಲ. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ದಿಲ್ಲಿಯ ಲಜಪತ್ ರಾಯ್ ಮಾರ್ಕೆಟ್ಟುಗಳಲ್ಲಿ ನಾಲ್ಕು ಅಂಗಡಿ ಹತ್ತಿ ಇಳಿಯುವ ತಾಳ್ಮೆಯಿದ್ದವರಿಗೆ ಲಾಭವುಂಟು. ಬಳಸಿದ ಯಂತ್ರವಾದರೆ ಪ್ರತಿಯೊಂದು ವಾಹಿನಿಯನ್ನೂ ಪ್ರತಿಯೊಂದು ರಂಧ್ರವನ್ನೂ ಕಣ್ಣೆದುರಿಗೇ ನುಡಿಸಿ ನೋಡದೆ ಹಣವನ್ನು ಕೈಬಿಡಬಾರದು.

ಅಂಗಡಿಯಲ್ಲಿ ಯುದ್ಧದ ದೃಶ್ಯವನ್ನು ಹಾಕಿ ತೋರಿಸುತ್ತಾರೆ. ಅದಕ್ಕೆ ಮರುಳಾಗದಿರಿ. ನಿಮಗೆ ಪರಿಚಿತವಾದ ಕನ್ನಡ ಚಿತ್ರದಿಂದ ಇಬ್ಬರು ಮೆಲ್ಲನೆ ಮಾತಾಡುವ ದೃಶ್ಯವನ್ನು ಹಾಕಿಸಿ, ಧ್ವನಿಯನ್ನು ತಗ್ಗಿಸಿ ಕೇಳಿರಿ. ಪ್ರತಿಯೊಂದು ಪದವೂ ತಿಳಿದರೆ ಆ ಸೆಟ್ಟು ತೇರ್ಗಡೆಯಾಯಿತು. ‘ನೈಟ್ ಮೋಡ್’ ಎಂಬ ಸೌಕರ್ಯವುಂಟೇ ಎಂದೂ ವಿಚಾರಿಸಿರಿ. ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಏರಿಸುವ ಈ ಏರ್ಪಾಟು, ಗಲ್ಲೆಯ ಲೆಕ್ಕ ಮುಗಿಸಿ ರಾತ್ರಿ ಹನ್ನೊಂದರ ಮೇಲೆ ಮನೆ ಸೇರುವ ನಮ್ಮವರಿಗೆಂದೇ ಮಾಡಿದಂತಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ವಸತಿ ಪ್ರದೇಶಕ್ಕೆ ೪೫ ಡೆಸಿಬೆಲ್ಲಿನ ಮಿತಿಯನ್ನು ಹಾಕಿವೆ. ಆದರೆ ಕಾನೂನಿಗಿಂತಲೂ ಮಿಗಿಲಾದುದು ನೆರೆಹೊರೆಯ ವಿಶ್ವಾಸ. ಪರಸ್ಥಳದಲ್ಲಿ ಬಾಳುವವರಿಗೆ ಅದೇ ದೊಡ್ಡ ಆಸ್ತಿ.

ಕೊಂಡಮೇಲಿನ ಎಚ್ಚರಿಕೆಗಳೂ ಕೆಲವಿವೆ. ಹಳೆಯ ಸೆಟ್ಟಿನ ಮೂರು ನಾಲ್ಕು ಓಮ್ ಸ್ಪೀಕರುಗಳನ್ನು, ಆರು ಓಮಿಗೆ ಕಡಿಮೆ ಸಲ್ಲದೆಂದು ಬರೆದಿರುವ ರಿಸೀವರಿಗೆ ಜೋಡಿಸಬೇಡಿರಿ. ಅಮೆರಿಕದಿಂದ ಬಂಧುಗಳು ತಂದ ಯಂತ್ರವು ಅಲ್ಲಿನ ೧೨೦ ವೋಲ್ಟಿಗೆ ಮಾತ್ರ ಮಾಡಿದ್ದಾದರೆ ನಮ್ಮ ೨೩೦ ವೋಲ್ಟಿಗೆ ಸಿಕ್ಕಿ ಸುಟ್ಟುಹೋದೀತು. ರಿಸೀವರ್ ಬಿಸಿಯಾಗುವ ವಸ್ತು. ಹಿಂದೆ ರೇಡಿಯೋದ ಮೇಲೆ ಹೊದಿಸುತ್ತಿದ್ದ ಕಸೂತಿಯ ಬಟ್ಟೆಯನ್ನು ಅದರ ಮೇಲೆ ಹೊದಿಸಿದರೆ ಅದರ ಆಯುಸ್ಸು ಮುಗಿದಂತೆ. ಸ್ಪೀಕರಿಗೆ ಸಾಧಾರಣ ತಾಮ್ರದ ಜೋಡಿತಂತಿ ಸಾಕು, ಚಿನ್ನದ ಲೇಪದ ತಂತಿಗೆ ದುಡ್ಡು ಸುರಿಯಬೇಕಾಗಿಲ್ಲ. ಬಿಲ್ಲನ್ನೂ ವಾರಂಟಿ ಚೀಟಿಯನ್ನೂ ಕೇಳಿ ಪಡೆಯಿರಿ. ಅನ್ಯಾಯವಾದಲ್ಲಿ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಿದೆ. ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೊರೆಯುತ್ತದೆ.

ಎಲ್ಲಕ್ಕೂ ಮುಖ್ಯವಾದುದು ಹಣದ ಪ್ರಶ್ನೆ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವು ಅಂಗಡಿ ಅಂಗಡಿಯಲ್ಲಿಯೂ ನೇತಾಡುತ್ತಿದೆ. ಶೂನ್ಯ ಬಡ್ಡಿಯೆಂಬುದು ವಾಸ್ತವದಲ್ಲಿ ಇಲ್ಲದ ಕಲ್ಪನೆಯೆಂದು ರಿಸರ್ವ್ ಬ್ಯಾಂಕು ೨೦೧೩ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿಯು ಬೇರೊಂದು ವೇಷದಲ್ಲಿ, ಕೈತಪ್ಪಿದ ರಿಯಾಯಿತಿಯಾಗಿಯೋ ಸೇವಾ ಶುಲ್ಕವಾಗಿಯೋ, ನಮ್ಮ ಜೇಬಿನಿಂದಲೇ ಹೋಗುತ್ತದೆ. ಸ್ಪೀಕರುಗಳೂ ಸೇರಿದರೆ ಎರಡು ತಿಂಗಳ ಪಗಾರವನ್ನು ನುಂಗಬಲ್ಲ ಈ ವಸ್ತುವಿಗಾಗಿ ಊರಿಗೆ ಕಳುಹಿಸುವ ಹಣದಲ್ಲಿ ಕಡಿತ ಮಾಡುವುದು ಸರ್ವಥಾ ಸಲ್ಲದು. ಹೋಟೆಲಿನವರೇ ಕೊಟ್ಟ ಕೋಣೆಯಲ್ಲಿ ಆರೇಳು ಮಂದಿ ಒಟ್ಟಿಗೆ ಮಲಗುವ ನಮ್ಮ ಹುಡುಗರಂತೂ ಈ ಗೋಜಿಗೇ ಹೋಗದೆ, ಮೊಬೈಲಿಗೆ ಒಂದು ಒಳ್ಳೆಯ ಹೆಡ್‌ಫೋನನ್ನು ಕೊಂಡರೆ ಸಾಕು. ಮಲಗಿದ ಸಂಗಾತಿಯ ನಿದ್ದೆಯೂ ಉಳಿಯುತ್ತದೆ.

ಹಾಗಾದರೆ ದುಡಿದು ತಿನ್ನುವವನಿಗೆ ಈ ವಿಲಾಸವೆಲ್ಲ ಏತಕ್ಕೆ ಎಂದು ಕೇಳುವವರೂ ಇದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಭಟ್ಟಿಯ ಮುಂದೆ ದಿನವಿಡೀ ನಿಂತವನಿಗೆ, ಅಂಕಿಗಳ ಮುಂದೆ ಬೆನ್ನು ಬಾಗಿಸಿದವನಿಗೆ, ಸಂಜೆಯ ಒಂದು ಗಂಟೆ ತನ್ನ ಭಾಷೆಯ ಹಾಡನ್ನೂ ನಗೆಯನ್ನೂ ಚೆನ್ನಾಗಿ ಕೇಳುವ ಹಕ್ಕಿದೆ. ಶಾಲೆಯಲ್ಲಿ ಒಂದು ನುಡಿ, ಬೀದಿಯಲ್ಲಿ ಇನ್ನೊಂದು ನುಡಿಯಾಗಿ ಬೆಳೆಯುವ ಮಗುವಿಗೆ ತಾಯ್ನುಡಿಯು ಕಿವಿಗೆ ಬೀಳುವುದು ಮನೆಯಲ್ಲಿಯೇ. ಆ ಮಾತು ಅರೆಬರೆಯಾಗಿ ಕೇಳಿಸಿದರೆ ಮಗುವು ಅದನ್ನು ಬಿಟ್ಟು ಸುಲಭವಾದುದರ ಕಡೆಗೆ ಸರಿಯುತ್ತದೆ. ಅದರಲ್ಲಿ ಮಗುವಿನ ತಪ್ಪಿಲ್ಲ. ಆದುದರಿಂದ ಈ ಯಂತ್ರದ ಆಯ್ಕೆಯನ್ನು ನಾವು ಕೇವಲ ಶೋಕಿಯ ವಿಷಯವೆಂದು ತಿಳಿದಿಲ್ಲ.

ಮೇಲೆ ಹೇಳಿದ ಗುಮಾಸ್ತರು ಸಾಲ ತೀರುವವರೆಗೂ ಕಾದು, ಆ ಸೆಟ್ಟನ್ನು ಬಂದ ಬೆಲೆಗೆ ಮಾರಿ, ಬಳಸಿದ ರಿಸೀವರೊಂದನ್ನೂ ಮೂರು ಸ್ಪೀಕರುಗಳನ್ನೂ ತಂದಿರಿಸಿದ್ದಾರೆ. ಕಿಟಕಿಯ ಗಾಜು ಈಗ ನಡುಗುವುದಿಲ್ಲ. ಅವರ ತಾಯಿ ಮಾತ್ರ ಧಾರಾವಾಹಿಯ ಪಾತ್ರಗಳೊಡನೆ ಮಾತಿಗೆ ಮಾತು ಕೊಟ್ಟು ಜಗಳವಾಡುತ್ತಾರೆ, ಮೊಮ್ಮಗಳು ಪಕ್ಕದಲ್ಲಿ ಕುಳಿತು, “ಅಜ್ಜಿ, ಆ ಮಾತಿಗೆ ಅರ್ಥವೇನು?” ಎಂದು ಕೇಳುತ್ತಾಳೆ. ಕೊಟ್ಟ ಹಣಕ್ಕೆ ಇದಕ್ಕಿಂತ ಹೆಚ್ಚಿನ ಪ್ರತಿಫಲವನ್ನು ಯಾವ ವ್ಯಾಟ್ ತಾನೇ ಕೊಟ್ಟೀತು?