ಇಂಜಿನ್ ಆಮೇಲೆ ಮಾರಾಯಾ, ಮೊದಲು ಬ್ರೇಕು ನೋಡು

ಮೊನ್ನೆ ಹ್ಯೂಸ್ಟನ್ನಿನಿಂದ ಗೆಳೆಯನೊಬ್ಬ ಫೋನ್ ಮಾಡಿದ್ದ. ನಮ್ಮ ಸಾಗರದ ಕಡೆಯವನೇ. "ಮಾರಾಯಾ, ನಾನೂ ಒಂದು ಹಳೇ ಷೆವರ್ಲೆ ಪಿಕಪ್ ತಗೊಂಡೆ. 1969ರ ಸಿ-10. ಮುಂದೆ ಡಿಸ್ಕ್ ಬ್ರೇಕ್ ಬೇರೆ ಹಾಕಿಸಿದ್ದಾರಂತೆ. ಈಗ ಯಾವ ಇಂಜಿನ್ ಕೂರಿಸ್ಲಿ ಹೇಳು" ಅಂದ. "ಡಿಸ್ಕ್ ಯಾವ ಗಾಡಿದು? ಮಾಸ್ಟರ್ ಸಿಲಿಂಡರ್ ಯಾವುದು?" ಅಂತ ಕೇಳಿದೆ. "ಅದೆಲ್ಲ ಯಾರಿಗೆ ಗೊತ್ತು, ನಿಲ್ಲುತ್ತೆ ಬಿಡು" ಅಂದ.

ಈ "ನಿಲ್ಲುತ್ತೆ ಬಿಡು" ಅನ್ನೋ ಮಾತು ಕೇಳಿದ್ರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗತ್ತೆ. ಮುಕ್ಕಾಲು ಗಂಟೆ ಫೋನಿನಲ್ಲೇ ಕೊರೆದೆ. ಅವನು "ಹ್ಞೂಂ, ಹ್ಞೂಂ" ಅಂತಿದ್ದ, ಅಷ್ಟೇ. ಅದಕ್ಕೇ ಇಲ್ಲಿ ಬರೀತಿದ್ದೀನಿ. (ಗಾಡಿ ರಿಪೇರಿ ಅಂದ್ರೆ ಆಕಳಿಕೆ ಬರೋರು ಇಲ್ಲಿಗೇ ಬಿಟ್ಟರೆ ಬೇಜಾರಿಲ್ಲ.)

ನನ್ನ ಹತ್ರ ಇರೋದು 1970ರ ಸಿ-10. ಈ ಮಾದರಿ 1967ರಿಂದ 72ರ ತನಕ ಬಂತು. ಮೊದಲ ನಾಲ್ಕು ವರ್ಷದ ಗಾಡಿಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 1971ರಲ್ಲಿ ಕಂಪನಿಯವರೇ ಮುಂದಿನ ಚಕ್ರಕ್ಕೆ ಡಿಸ್ಕ್ ಕೊಟ್ಟರು. ಚಾಸಿ ಹೆಚ್ಚು ಕಡಿಮೆ ಅದೇ. ಹಾಗಾಗಿ ಹಳೆಯ ಗಾಡಿ ಇಟ್ಟುಕೊಂಡವರಿಗೆಲ್ಲ 71-72ರ ಮುಂದಿನ ಭಾಗಗಳ ಮೇಲೆ ಕಣ್ಣು. ಅದರಲ್ಲಿ ತಪ್ಪೇನೂ ಇಲ್ಲ. ತಪ್ಪಾಗೋದು ಅರ್ಧ ತಂದು ಅರ್ಧ ಬಿಡೋದರಲ್ಲಿ.

ನಾನು ಕೊಂಡಾಗ ನನ್ನ ಗಾಡಿಗೂ "ಮುಂದೆ ಡಿಸ್ಕ್ ಹಾಕಿದೆ" ಅಂತಲೇ ಜಾಹೀರಾತಿತ್ತು. ಮುಂದಿನ ಚಕ್ರಕ್ಕೆ ಐದು ನಟ್ಟು, ಹಿಂದಿನದಕ್ಕೆ ಆರು. 1971ರಲ್ಲೇ ಸಿ-10 ಆರರಿಂದ ಐದಕ್ಕೆ ಇಳಿದದ್ದು, ಆದ್ದರಿಂದ ಮುಂದಿನದು ಬೇರೆ ಗಾಡಿಯದು ಅಂತ ಅಲ್ಲೇ ಗೊತ್ತಾಗಿತ್ತು. ಸ್ಟೆಪ್ನಿ ಒಂದೇ ಇತ್ತು. ಅದು ಹಿಂದಕ್ಕೆ ಮಾತ್ರ ಆಗ್ತಿತ್ತು. ನಾನು ನಕ್ಕು ದುಡ್ಡು ಕೊಟ್ಟು ಬಂದೆ. ನಗಬಾರದಿತ್ತು.

ಆ ವಸಂತದಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ಲೂಬಾನೆಟ್ ಹೂವು ನೋಡೋಕೆ ಫ್ರೆಡರಿಕ್ಸ್‌ಬರ್ಗ್ ಕಡೆ ಹೊರಟಿದ್ದೆ. ಸಣ್ಣ ಮಳೆ. ಇಳಿಜಾರಿನ ತಿರುವಿನಲ್ಲಿ ಜಿಂಕೆ ಹಾರಿತು. ಈ ಕಡೆ ಅದೇನು ಹೊಸದಲ್ಲ. ಪೆಡಲ್ ಒತ್ತಿದೆ. ಮುಂದಿನ ಚಕ್ರ ಹಿಡೀಲೇ ಇಲ್ಲ, ಹಿಂದಿನವೆರಡೂ ಜಾಮ್ ಆದವು, ಖಾಲಿ ಗಾಡಿಯ ಬಾಲ ಪೂರ್ತಿ ಸುತ್ತಿತು. ನಿಂತಾಗ ನಾವು ಬಂದ ದಿಕ್ಕಿಗೇ ಮುಖ ಮಾಡಿದ್ವಿ. ಎದುರಿಗೆ ಯಾರೂ ಬರ್ತಿರಲಿಲ್ಲ, ಅಷ್ಟೇ. ಮಗಳು ಆಗ ನಕ್ಕಳು. ಆದರೆ ಆಮೇಲೆ ಒಂದು ವರ್ಷ ಆ ಗಾಡಿ ಹತ್ತಲಿಲ್ಲ.

ಮನೆಗೆ ಬಂದು ಜಾಕಿ ಹಾಕಿ ನೋಡಿದೆ. ಡಿಸ್ಕು, ಕ್ಯಾಲಿಪರ್ರು ಇದ್ದವು ನಿಜ. ಆದರೆ ಮಾಸ್ಟರ್ ಸಿಲಿಂಡರ್ ಹಳೇ ಡ್ರಮ್ಮಿನದೇ. ಅದರೊಳಗೆ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸಿಕೊಳ್ಳೋ ಚಿಕ್ಕ ವಾಲ್ವ್ ಇರತ್ತೆ, ಸುಮಾರು 10 ಪಿಎಸ್‌ಐ. ಡ್ರಮ್ಮಿಗೆ ಅದು ಬೇಕು. ಡಿಸ್ಕಿಗೆ ಬಿಟ್ಟರೆ ಪ್ಯಾಡು ಸದಾ ಉಜ್ಜುತ್ತಲೇ ಇರತ್ತೆ, ಬಿಸಿಯಾಗತ್ತೆ. ಬೂಸ್ಟರ್ ಇರಲಿಲ್ಲ. ಡ್ರಮ್ಮಿನೊಳಗಿನ ಶೂ ಚಕ್ರದ ತಿರುಗುವ ರಭಸಕ್ಕೇ ತನ್ನನ್ನು ತಾನು ಇನ್ನಷ್ಟು ಒತ್ತಿಕೊಳ್ಳತ್ತೆ; ಡಿಸ್ಕಿಗೆ ಆ ಸೌಕರ್ಯ ಇಲ್ಲ, ಅದಕ್ಕೆ ಹೆಚ್ಚು ಒತ್ತಡವನ್ನೇ ಕೊಡಬೇಕು. ಅಂದ್ರೆ ನನ್ನ ಕಾಲಿನ ಬಲ ಮುಂದಕ್ಕೆ ಸಾಲದು, ಹಿಂದಕ್ಕೆ ಅತಿಯಾಯ್ತು. ಹಿಂದಿನ ಒತ್ತಡ ಹತೋಟಿಯಲ್ಲಿಡೋ ಕಾಂಬಿನೇಷನ್ ವಾಲ್ವೂ ಇಲ್ಲ. ಖಾಲಿ ಪಿಕಪ್ಪಿನ ಹಿಂಭಾಗದಲ್ಲಿ ತೂಕವೇ ಇಲ್ಲ, ಬ್ರೇಕ್ ಒತ್ತಿದಾಗ ಇರೋ ತೂಕವೂ ಮುಂದಕ್ಕೆ ವಾಲತ್ತೆ. ಇನ್ನೇನಾಗತ್ತೆ?

ಸಸ್ಪೆನ್ಷನ್ ಇನ್ನೂ ಚೆಂದ. ಬಾಲ್ ಜಾಯಿಂಟಿನ ಸ್ಟಡ್ಡು ಬುಡದಿಂದ ತುದಿಗೆ ಸಣ್ಣಗಾಗ್ತಾ ಹೋಗತ್ತೆ. ಸ್ಪಿಂಡಲ್ಲಿನ ತೂತಿನ ಓರೆಯೂ ಅದಕ್ಕೆ ಸರಿಯಾಗಿ ಹೊಂದಬೇಕು. ನನ್ನದರಲ್ಲಿ ಸ್ಪಿಂಡಲ್ ಒಂದು ಗಾಡಿದು, ಬಾಲ್ ಜಾಯಿಂಟ್ ಇನ್ನೊಂದರದು. ಹೊಂದದೆ ಉಳಿದ ಸಂದಿಗೆ ವಾಷರ್ ತುರುಕಿ ನಟ್ಟು ಬಿಗಿದಿದ್ದರು. ಬ್ರೇಕ್ ಹೋಸು ಗಿಡ್ಡ, ಸ್ಟೀರಿಂಗ್ ಪೂರ್ತಿ ತಿರುಗಿಸಿದ್ರೆ ತಂತಿ ಥರ ಬಿಗೀತಿತ್ತು. ಇದರಲ್ಲಿ ನಾನು ಮಗಳನ್ನು ಕೂರಿಸಿಕೊಂಡು ಹೋಗಿದ್ದೆ.

ನನ್ನ ಅಭಿಪ್ರಾಯ ಇಷ್ಟೇ, ಯಾರಾದ್ರೂ ಜಗಳಕ್ಕೆ ಬಂದ್ರೂ ಸರಿ: ಅರ್ಧ ಡಿಸ್ಕ್ ಮಾಡಿದ ಗಾಡಿಗಿಂತ, ಶೂ ಸರಿಯಾಗಿ ಹೊಂದಿಸಿದ ನಾಲ್ಕು ಡ್ರಮ್ಮಿನ ಗಾಡಿ ಎಷ್ಟೋ ಮೇಲು. ಡ್ರಮ್ಮಿಗೆ ಅದರದೇ ದೋಷ ಇದೆ. ಇಳಿಜಾರಿನಲ್ಲಿ ಒತ್ತಿ ಒತ್ತಿ ಕಾದರೆ ಹಿಗ್ಗಿ ಶೂವಿನಿಂದ ದೂರ ಸರಿಯತ್ತೆ, ನೀರು ಹೊಕ್ಕರೆ ಒಂದು ಕಡೆ ಎಳೆಯತ್ತೆ. ಆದ್ರೂ ಅದು ಒಬ್ಬರು ಕೂತು ಲೆಕ್ಕ ಹಾಕಿ ಮಾಡಿದ ವ್ಯವಸ್ಥೆ. ನನಗೆ ಸಿಕ್ಕಿದ್ದು ಯಾರೂ ಲೆಕ್ಕ ಹಾಕದ್ದು. ಬದಲಾಯಿಸೋದೇ ಆದ್ರೆ ಪೆಡಲ್ಲಿನಿಂದ ಟೈರಿನ ತನಕ ಒಂದೇ ಗಾಡಿಯಿಂದ ತನ್ನಿ. ಗುಜರಿಗೆ ಹೋಗೋಕೆ ಮನಸ್ಸಿಲ್ಲದವರು ಒಂದೇ ಕಡೆಯಿಂದ ಪೂರ್ತಿ ಕಿಟ್ ತಗೊಳ್ಳಿ, ಅದೂ ಆದೀತು. ಇಲ್ಲೊಂದು ಅಲ್ಲೊಂದು ಅಗ್ಗಕ್ಕೆ ಸಿಕ್ತು ಅಂತ ಕೂಡಿಸಬೇಡಿ.

ನಾನು ಗುಜರಿಗೇ ಹೋದೆ. ತಲೆ ಜಜ್ಜಿಹೋದ 1972ರದೊಂದು ಸಿಕ್ತು. ಮುಂದಿನ ಕ್ರಾಸ್ ಮೆಂಬರನ್ನೇ ಅನಾಮತ್ತಾಗಿ ಬಿಚ್ಚಿಸಿದೆ: ಆರ್ಮು, ಸ್ಪ್ರಿಂಗು, ಸ್ಪಿಂಡಲ್ಲು, ಟೈ ರಾಡು, ಜತೆಗೆ ಬೂಸ್ಟರು, ಮಾಸ್ಟರ್ ಸಿಲಿಂಡರು, ವಾಲ್ವು, ಕೊನೆಗೆ ಹಿಂದಿನ ಆಕ್ಸಲ್ಲೂ. ಈಗ ನಾಲ್ಕೂ ಕಡೆ ಐದೇ ನಟ್ಟು, ಸ್ಟೆಪ್ನಿ ಒಂದೇ ಸಾಕು. ಇಂಜಿನ್ ಕೂರೋದು ಆ ಕ್ರಾಸ್ ಮೆಂಬರ್ ಮೇಲೇ, ಹಾಗಾಗಿ ಎರಡು ದಿನ ಇಂಜಿನ್ನು ಗ್ಯಾರೇಜಿನಲ್ಲಿ ಸರಪಳಿಗೆ ನೇತಾಡ್ತಿತ್ತು. (ನನ್ನಾಕೆ ಆ ಎರಡು ದಿನ ಗ್ಯಾರೇಜಿನ ಬಾಗಿಲು ತೆಗೆದೂ ನೋಡಲಿಲ್ಲ.) ದೊಡ್ಡ ಕಬ್ಬಿಣವೆಲ್ಲ ಗುಜರಿಯದಾದ್ರೂ ಸವೆಯೋದು, ರಬ್ಬರಿನದು ಎಲ್ಲ ಹೊಸದು ಹಾಕಿದೆ: ಕ್ಯಾಲಿಪರ್, ಪ್ಯಾಡು, ಹೋಸು, ಬೇರಿಂಗು, ಬುಷ್ಷು, ಬಾಲ್ ಜಾಯಿಂಟು. ಅದಕ್ಕೆ ಸ್ಪ್ರಿಂಗ್ ಇಳಿಸಬೇಕಾಗತ್ತೆ. ಅದುಮಿದ ಕಾಯಿಲ್ ಸ್ಪ್ರಿಂಗಿಗೆ ಸರಪಳಿ ಕಟ್ಟದೆ ಕೈ ಹಾಕಬೇಡಿ. ಅದು ಸಿಡಿದ್ರೆ ಆಳನ್ನೇ ತೆಗೆಯತ್ತೆ.

ಇಷ್ಟೆಲ್ಲ ಬುದ್ಧಿ ಹೇಳೋ ನಾನೂ ಒಂದು ಎಡವಟ್ಟು ಮಾಡಿದೆ. ಬ್ರೇಕಿನ ಏರ್ ತೆಗೆಯೋಕೆ ಕೂತರೆ ಎರಡು ದಿನ ಪೆಡಲ್ ಮೆತ್ತಗೇ. ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ, ಕ್ರಮ ಎಲ್ಲ ಸರಿ. ಎರಡು ಡಬ್ಬಿ ಆಯಿಲ್ ಖಾಲಿ. ಪೆಡಲ್ ಒತ್ತಿ ಒತ್ತಿ ಸಾಕಾದ ಮಗಳು ಇಳಿದು ಬಂದು ಬಗ್ಗಿ ನೋಡಿ, "ಅಪ್ಪಾ, ಆ ಸ್ಕ್ರೂ ಯಾಕೆ ಕೆಳಗಿದೆ? ಗಾಳಿ ಮೇಲಕ್ಕಲ್ವಾ ಹೋಗೋದು?" ಅಂದಳು. ಎಡಗಡೆಯ ಕ್ಯಾಲಿಪರ್ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದ್ದೆ :-) ಅದಲು ಬದಲು ಮಾಡಿದ ಮೇಲೆ ಹತ್ತು ನಿಮಿಷದಲ್ಲಿ ಪೆಡಲ್ ಗಟ್ಟಿಯಾಯ್ತು. ಕ್ಯಾಂಬರ್ ಸರಿಮಾಡೋ ತಗಡಿನ ಶಿಮ್ಮುಗಳು ಮೇಲಿನ ಆರ್ಮಿನ ಶಾಫ್ಟಿನ ಹತ್ರ ಇರ್ತಾವೆ, ಅದಕ್ಕೆ ಮಾತ್ರ ಅಲೈನ್‌ಮೆಂಟ್ ಅಂಗಡಿಗೇ ಹೋದೆ.

ಗೆಳೆಯನ ವಾದ ಒಂದಿದೆ: "ಅಷ್ಟು ಅಪಾಯ ಇದ್ರೆ ಸರ್ಕಾರದೋರು ಬಿಡ್ತಿದ್ರಾ?" ಬಿಡ್ತಾರೆ ಮಾರಾಯಾ. ಟೆಕ್ಸಾಸಿನಲ್ಲಿ 2025ರ ಜನವರಿ 1ರಿಂದ ಖಾಸಗಿ ಗಾಡಿಗೆ ವರ್ಷದ ಸುರಕ್ಷತಾ ತಪಾಸಣೆಯೇ ಇಲ್ಲ. ಕೆಲವು ಕೌಂಟಿಗಳಲ್ಲಿ ಹೊಗೆ ಪರೀಕ್ಷೆ ಉಳಿದಿದೆ, 24 ವರ್ಷ ದಾಟಿದ ಗಾಡಿಗೆ ಅದೂ ಇಲ್ಲ. ತಪಾಸಣೆಯ ಬದಲಿಗೆ ಅಂತ ಏಳೂವರೆ ಡಾಲರ್ ಶುಲ್ಕ ಮಾತ್ರ ಬಿಟ್ಟಿಲ್ಲ! ನಮ್ಮೂರಲ್ಲಿ ಇದು ತಲೆಕೆಳಗು: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ತಯಾರಕರು ಕೊಟ್ಟ ಮೂಲ ರೂಪಕ್ಕೆ ವ್ಯತ್ಯಾಸವಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅಷ್ಟು ಬಿಗಿ ನನಗೆ ಇಷ್ಟವಿಲ್ಲ, ನನ್ನಂಥವನಿಗೆ ಸ್ಪಾನರ್ ಹಿಡಿಯೋ ಸುಖವೇ ಇರಲ್ಲ. ಆದರೆ ಯಾರೂ ನೋಡೋರಿಲ್ಲದ ಕಡೆ, "ಡಿಸ್ಕ್ ಹಾಕಿದೆ" ಅಂತ ಮಾರೋನು ಮಾಸ್ಟರ್ ಸಿಲಿಂಡರ್ ಯಾವುದು ಅಂತಲೂ ಹೇಳಬೇಕು, ಕೊಳ್ಳೋನು ಅಲ್ಲೇ ಗಾಡಿಯ ಕೆಳಗೆ ಮಲಗಿ ನೋಡಬೇಕು. ನನಗೆ ಮಾರಿದವನು ಹೇಳಲಿಲ್ಲ. ನಾನೂ ಮಲಗಲಿಲ್ಲ.

ಇಷ್ಟು ಬರೆಯೋ ಹೊತ್ತಿಗೆ ಗೆಳೆಯ ನಾಲ್ಕು ಫೋಟೋ ಕಳಿಸಿದ್ದಾನೆ. ಬಾನೆಟ್ ಎತ್ತಿ ತೆಗೆದದ್ದು. ಬೂಸ್ಟರ್ ಇಲ್ಲ, ಕಾಂಬಿನೇಷನ್ ವಾಲ್ವೂ ಕಾಣ್ತಿಲ್ಲ. "ಶನಿವಾರ ತನಕ ಗಾಡಿ ಮುಟ್ಟಬೇಡ" ಅಂತ ಬರೆದಿದ್ದೀನಿ. ಜಾಕಿ, ಸ್ಟ್ಯಾಂಡು ನಾನೇ ತಗೊಂಡು ಹೋಗ್ತೀನಿ. ಮಗಳೂ ಬರ್ತೀನಿ ಅಂದಿದ್ದಾಳೆ, ನಮ್ಮ ಪಿಕಪ್ಪಿನಲ್ಲೇ.