ಉಪಕೇಂದ್ರದಲ್ಲಿರುವ ಮೂತ್ರದ ಸ್ಟ್ರಿಪ್ ಕಿಡ್ನಿ ರೋಗಿಗೂ ಸಿಗಲಿ

ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿಬಂದವರ ಕಾಲು ಊದುವುದು ನಮ್ಮ ಕಡೆ ಹೊಸದೇನಲ್ಲ. ನಮ್ಮಣ್ಣ ಬೆಟ್ಟದಿಂದ ಬಂದಾಗಲೂ ಅವ್ವ ಅಂದದ್ದು ಇಷ್ಟೇ: "ನಡ್ದು ನಡ್ದು ಊದ್ಕಂಡದೆ, ಎಣ್ಣೆ ಹಚ್ಕಂಡು ಮಲಿಕೊ, ಇಳೀತದೆ."

ವಾರವಾದರೂ ಇಳಿಯಲಿಲ್ಲ. ಬೆಳಿಗ್ಗೆ ಎದ್ದರೆ ಕಣ್ಣಿನ ರೆಪ್ಪೆ ದಪ್ಪ, ಸಂಜೆಗೆ ಕಾಲು ದಪ್ಪ. ಮೂತ್ರದಲ್ಲಿ ಸೋಪಿನ ನೀರಿನಂಥ ನೊರೆ. ಊರಿನವರು ಕಿಡ್ನಿ ಕಲ್ಲು ಅಂದರು. ಬಾಳೆದಿಂಡಿನ ರಸ ಕುಡಿಸಿದೆವು, ಚೊಂಬುಗಟ್ಟಲೆ ನೀರು ಕುಡಿಸಿದೆವು. ಊತ ಇನ್ನೂ ಏರಿತು. ಮೈಕೈ ನೋವಿಗೆ ಅಂತ ಒಂದು ಕಡೆ ನೋವಿನ ಇಂಜೆಕ್ಷನ್ನನ್ನೂ ಹಾಕಿಸಿಕೊಂಡ. ಆಮೇಲೆ ಗೊತ್ತಾಯಿತು, ಈ ಕಾಯಿಲೆಗೆ ನಾವು ಮಾಡಿದ್ದೆಲ್ಲ ತಿರುಗುಮುರುಗು.

ಮೈಸೂರಿನಲ್ಲಿ ಕಾಯಿಲೆಯ ಹೆಸರು ಹೇಳಿದರು: ನೆಫ್ರೋಟಿಕ್ ಸಿಂಡ್ರೋಮ್. ನಮ್ಮ ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸಣ್ಣ ಜರಡಿಗಳಿವೆ. ಅವು ಕಸವನ್ನು ಮೂತ್ರಕ್ಕೆ ಬಿಟ್ಟು ಪ್ರೋಟೀನನ್ನು ರಕ್ತದಲ್ಲೇ ಉಳಿಸಬೇಕು. ಜರಡಿ ಕೆಟ್ಟರೆ ಪ್ರೋಟೀನ್ ಸೋರಿಹೋಗುತ್ತದೆ. ಆರೋಗ್ಯವಂತರ ಮೂತ್ರದಲ್ಲಿ ದಿನಕ್ಕೆ 150 ಮಿಲಿಗ್ರಾಂ ಒಳಗೆ ಇರುವ ಪ್ರೋಟೀನ್ ಈ ಕಾಯಿಲೆಯಲ್ಲಿ 3.5 ಗ್ರಾಂ ದಾಟುತ್ತದೆ. ನೀರು ಮೈಯಲ್ಲೇ ನಿಂತು ಊತ ಬರುತ್ತದೆ.

ಮಕ್ಕಳಲ್ಲಾದರೆ ಸಾಮಾನ್ಯವಾಗಿ ನೇರವಾಗಿ ಸ್ಟೀರಾಯ್ಡ್ ಮಾತ್ರೆ ಶುರುಮಾಡುತ್ತಾರೆ. ದೊಡ್ಡವರಲ್ಲಿ ಕಾರಣ ಹಲವು ಇರುತ್ತವೆ. ಸಕ್ಕರೆ ಕಾಯಿಲೆ, ಲೂಪಸ್, ಕೆಲವು ಸೋಂಕುಗಳು, ಪಾದರಸ ಬೆರೆಸಿದ ನಾಟಿ ಔಷಧಿ, ಮುಖ ಬೆಳ್ಳಗಾಗಿಸುವ ಕ್ರೀಮ್ ಕೂಡ ಕಾರಣವಾಗಬಹುದು. 2023ರಲ್ಲಿ ಪಕ್ಕದ ಕೇರಳದ ಮಲಪ್ಪುರಂನಲ್ಲಿ ಇಂಥ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆಯಾದದ್ದು ಸುದ್ದಿಯಾಗಿತ್ತು. ಅದಕ್ಕೇ ದೊಡ್ಡವರಿಗೆ ಹೆಚ್ಚಾಗಿ ಬಯಾಪ್ಸಿ ಮಾಡುತ್ತಾರೆ, ಅಂದರೆ ಸೂಜಿಯಿಂದ ಕಿಡ್ನಿಯ ಚೂರು ತೆಗೆದು ನೋಡುತ್ತಾರೆ. ಅಣ್ಣನಿಗೆ ಬಂದದ್ದು ಮಿನಿಮಲ್ ಚೇಂಜ್ ಅನ್ನುವ ಬಗೆ. ಮಾತ್ರೆಗೆ ಚೆನ್ನಾಗಿ ಬಗ್ಗುವ ಕಾಯಿಲೆ ಇದು. ಆದರೆ ವಾಸಿಯಾದ ದೊಡ್ಡವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಮರುಕಳಿಸುತ್ತದೆ.

ಎರಡು ತಿಂಗಳಲ್ಲಿ ಊತ ಪೂರ್ತಿ ಇಳಿಯಿತು. ಆದರೆ ಸ್ಟೀರಾಯ್ಡಿನಿಂದ ಮುಖ ದುಂಡಗಾಗಿ, ಹಸಿವು ಹೆಚ್ಚಾಗಿತ್ತು. ಕಂಡವರೆಲ್ಲ "ಇನ್ನೂ ಊದ್ಕಂಡೇ ಅದೆ" ಅಂದದ್ದಕ್ಕೆ ಬೇಸತ್ತು ಅಣ್ಣ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ. ಹೀಗೆ ಒಮ್ಮೆಗೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ ಬರಬಹುದು. ಮಾತ್ರೆಯನ್ನು ಡಾಕ್ಟರ್ ಹೇಳಿದಂತೆ ವಾರವಾರ ಇಳಿಸುತ್ತಾ ಬರಬೇಕು. ತಿಂಗಳೊಳಗೆ ಕಾಯಿಲೆ ವಾಪಸ್ ಬಂತು. ಮೂರನೇ ಸಲ ಬಂದದ್ದು ಬರೀ ನೆಗಡಿ ಜ್ವರದ ಹಿಂದೆ.

ನನ್ನ ವಾದ ಇರುವುದು ಇಲ್ಲಿ. ಊತ ಕಾಣುವ ಕೆಲ ದಿನ ಮೊದಲೇ ಮೂತ್ರದಲ್ಲಿ ಪ್ರೋಟೀನ್ ಕಾಣುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಸ್ಟ್ರಿಪ್ ಅದ್ದಿ, ಒಂದು ನಿಮಿಷ ಬಿಟ್ಟು, ಡಬ್ಬಿಯ ಮೇಲಿನ ಬಣ್ಣದ ಜೊತೆ ಹೋಲಿಸಿದರೆ ಸಾಕು. ಹಳದಿ ಹಳದಿಯಾಗೇ ಇದ್ದರೆ ನೆಮ್ಮದಿ, ಹಸಿರಿಗೆ ತಿರುಗಿದರೆ ಎಚ್ಚರಿಕೆ. ಮೂರು ದಿನ ಸತತವಾಗಿ ಮೂರು ಪ್ಲಸ್ ಬಂದರೆ ಕಾಯಿಲೆ ಮರುಕಳಿಸಿದೆ ಅಂತಲೇ ಲೆಕ್ಕ. ಆಗಲೇ ಡಾಕ್ಟರಿಗೆ ಫೋನ್ ಮಾಡಿದರೆ ಎಷ್ಟೋ ಸಲ ಆಸ್ಪತ್ರೆ ಸೇರುವುದು ತಪ್ಪುತ್ತದೆ.

ಒಂದು ಸ್ಟ್ರಿಪ್‌ಗೆ ಕೆಲವೇ ರೂಪಾಯಿ. ಉಪಕೇಂದ್ರದ ಸಿಸ್ಟರ್ ಗರ್ಭಿಣಿಯರ ಮೂತ್ರ ನೋಡುವುದು ಇದೇ ಸ್ಟ್ರಿಪ್‌ನಲ್ಲಿ. ಸಾಮಾನೂ ಇದೆ, ನೋಡಲು ಬಲ್ಲವರೂ ಇದ್ದಾರೆ. ಆದರೆ ಅಣ್ಣ ಕೇಳಿದಾಗ ಸಿಕ್ಕ ಉತ್ತರ: "ಅದು ಗರ್ಭಿಣಿಯರಿಗೆ ಮಾತ್ರ." ಅದನ್ನು ನೋಡಿಸಲು ಕೂಲಿ ಬಿಟ್ಟು ಮೈಸೂರು ಬಸ್ಸು ಹತ್ತಬೇಕು. ಹನೂರು ಕಾಡಂಚಿನ ಊರಿನವರಿಗೆ, ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ಪೋಡಿನ ಸೋಲಿಗರಿಗೆ ಕೊಳ್ಳೇಗಾಲ ಮುಟ್ಟುವುದೇ ಒಂದು ದಿನದ ಕೆಲಸ.

"ಸರ್ಕಾರ ಉಚಿತ ಡಯಾಲಿಸಿಸ್ ಕೊಡ್ತಾ ಇದೆಯಲ್ಲ" ಅನ್ನುವವರಿದ್ದಾರೆ. ಹೌದು, 2016ರಿಂದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಇದೆ, ಅದು ಬೇಕೇಬೇಕು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯೂ ಇದೆ. ಆದರೆ ಅದು ಹೆಚ್ಚಾಗಿ ಆಸ್ಪತ್ರೆ ಸೇರಿದವರಿಗೆ. ಮನೆಯಲ್ಲಿದ್ದುಕೊಂಡೇ ಕಾಯಿಲೆ ಹಿಡಿತದಲ್ಲಿಟ್ಟುಕೊಂಡವನ ಪರೀಕ್ಷೆ, ಮಾತ್ರೆ, ಬಸ್ ಚಾರ್ಜು ಅವನ ಜೇಬಿಂದಲೇ. ಕಿಡ್ನಿ ಪೂರ್ತಿ ಹೋದ ಮೇಲೆ ಸಾವಿರಗಟ್ಟಲೆ ಖರ್ಚು ಮಾಡುವ ವ್ಯವಸ್ಥೆಗೆ, ಹೋಗದಂತೆ ನೋಡಿಕೊಳ್ಳಲು ಕೆಲವೇ ರೂಪಾಯಿ ಇಲ್ಲವೇ?

ಸಿಸ್ಟರ್‌ಗೆ ಕೆಲಸದ ಹೊರೆ ಈಗಲೇ ಹೆಚ್ಚು ಅನ್ನುವ ಮಾತು ಒಪ್ಪುತ್ತೇನೆ. ಅದಕ್ಕೆ ರೋಗಿಗೇ ಕಲಿಸಿಕೊಡಲಿ. ತಿಂಗಳಿಗೆ ಬೇಕಾದಷ್ಟು ಸ್ಟ್ರಿಪ್ ಕೊಟ್ಟು, ಬರೆದಿಡಲು ಒಂದು ಪುಸ್ತಕ ಕೊಟ್ಟರೆ ಸಾಕು. ಪ್ರೆಡ್ನಿಸಲೋನ್ ಮಾತ್ರೆ ತಾಲೂಕು ಆಸ್ಪತ್ರೆಯಲ್ಲಿ ಯಾವಾಗಲೂ ಇರಲಿ. ಮಧ್ಯೆ ಮಧ್ಯೆ ಇ-ಸಂಜೀವಿನಿಯಲ್ಲಿ ತಜ್ಞರ ಜೊತೆ ಮಾತಾಡಿಸಲಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇದೆ. ಊತ ಇರುವಾಗ ದಿನದ ಉಪ್ಪು 5 ಗ್ರಾಂ ದಾಟಬಾರದು. ಅದು ಒಂದು ಸಣ್ಣ ಚಮಚ, ಅಷ್ಟೇ. ನಮ್ಮ ಉಪ್ಸಾರು, ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರವಿರಲಿ. ನೀರು ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಈ ಕಾಯಿಲೆಯ ಕೆಲವು ಔಷಧಿ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ಮಗು ಬೇಕೆನ್ನುವ ಹೆಣ್ಣುಮಕ್ಕಳು ಮೊದಲೇ ಹೇಳಬೇಕು. ಮೇಲಿಂದ ಮೇಲೆ ಮರುಕಳಿಸಿದರೆ ಸ್ಟೀರಾಯ್ಡ್ ಬಿಟ್ಟು ಬೇರೆ ಔಷಧಿಗಳೂ ಇವೆ, ಕೇಳಲು ಹಿಂಜರಿಯಬೇಡಿ. ಒಂದೇ ಕಾಲು ಊದಿ ನೋವು, ಉಸಿರಾಟಕ್ಕೆ ಕಷ್ಟ, ಜ್ವರ, ವಿಪರೀತ ಹೊಟ್ಟೆನೋವು, ಮೂತ್ರ ಕಡಿಮೆ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಸೋಂಕು ತಗುಲಿರಬಹುದು.

ಅಣ್ಣ ಈಗ ಮೈಸೂರಿನಿಂದ ಸ್ಟ್ರಿಪ್ ಡಬ್ಬಿ ಕೊಂಡು ತರುತ್ತಾನೆ. ಮಾದಪ್ಪನ ಚಿತ್ರದ ಕ್ಯಾಲೆಂಡರಿನಲ್ಲಿ ಪರೀಕ್ಷೆ ಮಾಡಿದ ದಿನ ಗುರುತು ಹಾಕುತ್ತಾನೆ. ಹೋದ ಸಲ ಕಾಯಿಲೆ ತಲೆಯೆತ್ತಿದಾಗ ಊತ ಬರುವ ಮೊದಲೇ ಹಿಡಿದ, ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗಲಿಲ್ಲ. ಅವನಿಗೆ ಕೊಳ್ಳುವ ಶಕ್ತಿ ಇತ್ತು, ಓದಿ ಹೇಳಲು ತಮ್ಮನಿದ್ದ. ಇವೆರಡೂ ಇಲ್ಲದವರ ಪಾಡೇನು?

ಮುಂದಿನ ಗ್ರಾಮ ಸಭೆಯಲ್ಲಿ, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಈ ಒಂದು ಪ್ರಶ್ನೆ ಕೇಳಿ: ನಮ್ಮ ಉಪಕೇಂದ್ರದ ಸ್ಟ್ರಿಪ್ ಕಿಡ್ನಿ ರೋಗಿಗೆ ಯಾವಾಗ ಸಿಗುತ್ತದೆ? ಉತ್ತರ ಏನು ಬಂತು ಅಂತ ನಮಗೂ ತಿಳಿಸಿ. ನಾವು ಬರೆಯುತ್ತೇವೆ.